ರಾತ್ರಿ ಎಷ್ಟು ಸಲ ಏಳ್ತೀರಿ?

"ಎಷ್ಟು ದಿನ ಹೋಗುತ್ತೆ?" ಮುಟ್ಟಿನ ತೊಂದರೆ ಅಂತ ಹೋದಾಗ ಡಾಕ್ಟರು ಮೊದಲು ಕೇಳುವುದು ಇದನ್ನೇ. ಐದು ದಿನ. "ತಿಂಗಳು ತಿಂಗಳು ಸರಿಯಾಗಿ ಆಗುತ್ತಾ?" ಹೌದು, ಆಗುತ್ತೆ. "ಹಾಗಾದ್ರೆ ಎಲ್ಲ ಸರಿ ಇದೆಯಲ್ಲ." ಅಲ್ಲಿಗೆ ಮಾತು ಮುಗಿಯುತ್ತದೆ, ಒಂದು ಟಾನಿಕ್ಕಿನ ಚೀಟಿ ಕೈಗೆ ಬರುತ್ತದೆ. ವರ್ಷಗಟ್ಟಲೆ ನನ್ನ ಮುಟ್ಟು ಕಾಗದದ ಮೇಲೆ ಸರಿಯಾಗಿಯೇ ಇತ್ತು. ಆದರೆ ಆ ಐದು ದಿನಗಳ ನಡುವೆ ಎರಡನೇ ರಾತ್ರಿ, ಮೂರನೇ ರಾತ್ರಿ ಅಂತ ಇರುತ್ತವೆ. ಬೆನ್ನ ಕೆಳಗೆ ಒದ್ದೆಯಾಗಿ ಎಚ್ಚರಾಗುವ, ಎದ್ದು ನಿಂತ ಕೂಡಲೇ ಕಾಲಿನಗುಂಟ ಇಳಿಯುವ, ಬಚ್ಚಲಿಗೆ ಹೋಗಿ ಬಂದು ಮಲಗಿ ಕಣ್ಣು ಹತ್ತುವ ಹೊತ್ತಿಗೆ ಮತ್ತೆ ಏಳಬೇಕಾದ ರಾತ್ರಿಗಳು. ಅವುಗಳ ಬಗ್ಗೆ ಯಾರೂ ಕೇಳಲಿಲ್ಲ. ಕೇಳದೆ ನಾವಾಗಿ ಹೇಳುವ ವಿಷಯ ಅಂತಲೂ ಅನ್ನಿಸುತ್ತಿರಲಿಲ್ಲ.

ಇದನ್ನು ಬರೆಯಬೇಕು ಅಂತ ತುಂಬ ದಿನದಿಂದ ತಲೆಯಲ್ಲಿದೆ. ಮುಟ್ಟಿನ ಬಗ್ಗೆ ಈಗ ಜನ ಮಾತಾಡುತ್ತಾರೆ, ಒಳ್ಳೆಯದೇ. ಮಡಿ ಮೈಲಿಗೆ ಬಗ್ಗೆ, ಪ್ಯಾಡ್ ಬಗ್ಗೆ, ರಜೆ ಬಗ್ಗೆ. ರಾತ್ರಿ ಬಗ್ಗೆ ಮಾತ್ರ ಮಾತು ಕಡಿಮೆ. ನನಗೆ ಅನ್ನಿಸುವುದು ಏನೆಂದರೆ, ಒಬ್ಬಳಿಗೆ ಎಷ್ಟು ಹೋಗುತ್ತಿದೆ ಅಂತ ಸರಿಯಾಗಿ ಹೇಳುವುದು ರಾತ್ರಿಯೇ. ಹಗಲು ಹೇಗಿದ್ದರೂ ಬಚ್ಚಲ ಕಡೆ ಹೋಗಿ ಬರುತ್ತಿರುತ್ತೇವೆ, ಬದಲಾಯಿಸುತ್ತಿರುತ್ತೇವೆ, ಲೆಕ್ಕ ಇಡುವುದಿಲ್ಲ. ರಾತ್ರಿ ಹಾಗಲ್ಲ. ಮೈ ಮಲಗಬೇಕು ಅನ್ನುತ್ತಿರುತ್ತದೆ, ರಕ್ತ ಏಳು ಅನ್ನುತ್ತದೆ. ಪ್ಯಾಡ್ ಬದಲಾಯಿಸಲು ರಾತ್ರಿ ನಿದ್ದೆಯಿಂದ ಏಳಬೇಕಾಗುತ್ತದೆ ಅಂದರೆ ಅದೇ ಅತಿ ರಕ್ತಸ್ರಾವದ ಒಂದು ಲಕ್ಷಣ. ವೈದ್ಯರ ಪಟ್ಟಿಯಲ್ಲೇ ಅದು ಇದೆ. ಇಷ್ಟು ಸಣ್ಣ ಸಂಗತಿ ನಮ್ಮ ಕಡೆಯ ಎಷ್ಟೊಂದು ಹೆಂಗಸರಿಗೆ ಗೊತ್ತಿಲ್ಲ ಅನ್ನುವುದು ನನ್ನನ್ನು ಬಿಡದೆ ಕಾಡುತ್ತಿದೆ.

ಮಲಗುವ ಮುಂಚಿನ ಕೆಲಸ

ಜಾಸ್ತಿ ಹೋಗುವವರಿಗೆ ಇದರಲ್ಲಿ ಹಲವು ಗೊತ್ತೇ ಇರುತ್ತದೆ. ಆದರೂ ಬರೆಯುತ್ತೇನೆ. ಯಾಕೆಂದರೆ ನನಗೆ ಇದನ್ನೆಲ್ಲ ಯಾರೂ ಒಟ್ಟಿಗೆ ಕೂರಿಸಿ ಹೇಳಿಕೊಟ್ಟಿರಲಿಲ್ಲ, ಒಂದೊಂದಾಗಿ ಕಲಿತದ್ದು. ಮೊದಲು ಹಾಸಿಗೆ. ಎಳೆ ಮಕ್ಕಳಿಗೆ ಹಾಸುವ ರಬ್ಬರ್ ಶೀಟ್ ಮೆಡಿಕಲ್ ಶಾಪಿನಲ್ಲಿ ಸಿಗುತ್ತದಲ್ಲ, ಅದರ ದೊಡ್ಡ ಅಳತೆಯದ್ದನ್ನು ಸೊಂಟ ಬರುವ ಜಾಗಕ್ಕೆ ಹಾಸಬೇಕು. ಮೇಲೆ ಹಳೆಯ ಕಾಟನ್ ಸೀರೆಯನ್ನು ನಾಲ್ಕು ಮಡಿಕೆ ಮಾಡಿ ಹಾಕಬೇಕು. ಬರೀ ರಬ್ಬರ್ ಮೇಲೆ ಮಲಗಿದರೆ ಬೆವರುತ್ತದೆ, ಕುಮಟಾ, ಅಂಕೋಲಾ ಕಡೆಯ ಏಪ್ರಿಲ್ ಸೆಕೆಯಲ್ಲಂತೂ ಆಗುವುದೇ ಇಲ್ಲ. ಸೀರೆ ನೆನೆದರೆ ಅರ್ಧ ನಿದ್ದೆಯಲ್ಲೇ ಎಳೆದು ತೆಗೆದು ಇನ್ನೊಂದು ಹಾಸಿಕೊಳ್ಳಬಹುದು. ಹಾಸಿಗೆಗೆ ಏನೂ ಆಗುವುದಿಲ್ಲ ಅನ್ನುವ ಧೈರ್ಯ ಇದ್ದರೆ ನಿದ್ದೆ ತಾನಾಗಿ ಬರುತ್ತದೆ. ಆ ಧೈರ್ಯ ಇಲ್ಲದ ದಿನ ರಕ್ತ ಬರದಿದ್ದರೂ ಗಂಟೆಗೊಮ್ಮೆ ಎಚ್ಚರಾಗುತ್ತದೆ, ಕೈ ತಾನಾಗಿ ಹಿಂದಕ್ಕೆ ಹೋಗಿ ಮುಟ್ಟಿ ನೋಡುತ್ತದೆ.

ಆಮೇಲೆ ಪ್ಯಾಡ್. ಮಲಗಿದಾಗ ರಕ್ತ ಕೆಳಕ್ಕೆ ಇಳಿಯುವುದಿಲ್ಲ, ಹಿಂದಕ್ಕೆ ಹರಿಯುತ್ತದೆ. ಅದಕ್ಕೇ ಹಗಲಿನ ಪ್ಯಾಡ್ ಎಷ್ಟು ದಪ್ಪ ಇದ್ದರೂ ರಾತ್ರಿ ಕೈಕೊಡುತ್ತದೆ. ಒಂದರ ಮೇಲೆ ಒಂದು ಎರಡು ಪ್ಯಾಡ್ ಇಡುವವರಿದ್ದಾರೆ. ಅದರಿಂದ ಅಂಥ ಉಪಯೋಗ ಇಲ್ಲ, ಮೇಲಿನದರ ಅಡಿಯಲ್ಲಿ ಪ್ಲಾಸ್ಟಿಕ್ ಇರುವುದರಿಂದ ಅದು ತುಂಬಿದ ಮೇಲೆ ಬದಿಗೆ ಹರಿಯುತ್ತದೆಯೇ ಹೊರತು ಕೆಳಗಿನದಕ್ಕೆ ಇಳಿಯುವುದಿಲ್ಲ. ಒಂದರ ಹಿಂದೆ ಒಂದು, ತುದಿ ಸ್ವಲ್ಪ ಮೇಲೆ ಬರುವ ಹಾಗೆ ಅಂಟಿಸಿದರೆ ಬೆನ್ನಿನ ತನಕ ಆಸರೆ ಸಿಗುತ್ತದೆ. ಚಡ್ಡಿಯ ಹಾಗೆಯೇ ಹಾಕಿಕೊಳ್ಳುವ ಪ್ಯಾಡ್ ಈಗ ಶಿರಸಿ ಪೇಟೆಯಲ್ಲೂ ಸಿಗುತ್ತದೆ. ದುಬಾರಿ. ಆದರೆ ಅತಿ ಜಾಸ್ತಿ ಹೋಗುವ ಒಂದೆರಡು ರಾತ್ರಿಗೆ ಮಾತ್ರ ಇಟ್ಟುಕೊಂಡರೆ ನಡೆಯುತ್ತದೆ. ಮುಟ್ಟಿನ ಕಪ್, ಅಂದರೆ ಒಳಗೆ ಇಟ್ಟು ರಕ್ತ ಹಿಡಿಯುವ ಮೆತ್ತನೆಯ ಬಟ್ಟಲು, ಬಳಸುವ ಅಭ್ಯಾಸ ಇದ್ದವರು ಅದನ್ನು ಹಾಕಿ ಮೇಲೆ ಪ್ಯಾಡ್ ಇಟ್ಟುಕೊಳ್ಳುವುದು ನಾನು ಕಂಡಂತೆ ಎಲ್ಲಕ್ಕಿಂತ ಒಳ್ಳೆಯ ಉಪಾಯ. ಸಾಮಾನ್ಯ ಕಪ್ 20ರಿಂದ 30 ಎಂಎಲ್ ಹಿಡಿಯುತ್ತದೆ. ಎಷ್ಟು ಹೋಯಿತು ಅಂತ ಕಣ್ಣಿಗೂ ಕಾಣುತ್ತದೆ. ಆದರೆ ಬಸಿರು ತಡೆಯಲು ಗರ್ಭಕೋಶದೊಳಗೆ ಕಾಪರ್ ಟಿ ಹಾಕಿಸಿಕೊಂಡವರು ಡಾಕ್ಟರನ್ನು ಕೇಳಿಯೇ ಬಳಸಬೇಕು, ಕಪ್ ಎಳೆಯುವಾಗ ಅದೂ ಜಾರಿ ಬರುವ ಸಂಭವ ಇದೆ. ಕಾಪರ್ ಟಿಯಿಂದಲೇ ಕೆಲವರಿಗೆ ಮುಟ್ಟು ಜಾಸ್ತಿಯಾಗುತ್ತದೆ ಅನ್ನುವುದು ಬೇರೆ ಮಾತು.

ಪ್ಯಾಕೆಟ್ಟಿನ ಮೇಲೆ ಇಷ್ಟು ಹೀರುತ್ತದೆ, ಇಡೀ ರಾತ್ರಿ ಬರುತ್ತದೆ ಅಂತ ಬರೆದಿರುವುದನ್ನು ನಂಬಿ ಸೋತವರಿಗೆ ಒಂದು ವಿಷಯ ಹೇಳಬೇಕು. ಇವನ್ನೆಲ್ಲ ಬಹಳ ಕಾಲ ನೀರಿನಲ್ಲೋ ಉಪ್ಪುನೀರಿನಲ್ಲೋ ಪರೀಕ್ಷೆ ಮಾಡುತ್ತಿದ್ದರು. 2023ರಲ್ಲಿ ಅಮೆರಿಕದ ಒರೆಗಾನಿನ ಸಂಶೋಧಕರು ಮನುಷ್ಯರ ರಕ್ತವನ್ನೇ ಹಾಕಿ ನೋಡಿದರು, ರಕ್ತನಿಧಿಯಲ್ಲಿ ಅವಧಿ ಮೀರಿ ಉಳಿದ ಕೆಂಪುಕಣಗಳನ್ನು. ಪ್ಯಾಕೆಟ್ ಮೇಲೆ ಹೇಳಿದ್ದಕ್ಕೂ ನಿಜಕ್ಕೂ ತಾಳೆಯಾಗದ ವಸ್ತುಗಳು ಎಷ್ಟೋ ಇದ್ದವು. ಮುಟ್ಟಿಗೆಂದೇ ಮಾರುವ, ತೊಳೆದು ಮತ್ತೆ ಹಾಕಿಕೊಳ್ಳುವ ಹೀರುವ ಒಳಉಡುಪು (ಮೇಲೆ ಹೇಳಿದ ಚಡ್ಡಿ ಥರದ ಪ್ಯಾಡ್ ಅಲ್ಲ) ಎಲ್ಲಕ್ಕಿಂತ ಕಡಿಮೆ ಹಿಡಿಯಿತು, ಸುಮಾರು 2 ಎಂಎಲ್. ರಕ್ತ ನೀರಿಗಿಂತ ದಪ್ಪ ಅಂತ ಯಾವ ಹೆಂಗಸನ್ನು ಕೇಳಿದ್ದರೂ ಹೇಳುತ್ತಿದ್ದಳು.

ಇನ್ನು ಏಳುವುದು. ಮಲಗಿದ್ದಷ್ಟು ಹೊತ್ತು ಒಂದಷ್ಟು ರಕ್ತ ಒಳಗೇ ನಿಂತಿರುತ್ತದೆ, ಎದ್ದಾಗ ಒಮ್ಮೆಗೇ ಬರುತ್ತದೆ. ಬೆಳಗಿನ ಜಾವ ಹೆಪ್ಪುಗಟ್ಟಿದ ತುಂಡುಗಳು ಬರುವುದೂ ಇದಕ್ಕೇ. ಗರ್ಭಕೋಶದೊಳಗೆ ರಕ್ತ ಹೆಪ್ಪುಗಟ್ಟದ ಹಾಗೆ ಮೈ ತಾನೇ ಅದನ್ನು ಕರಗಿಸುತ್ತಿರುತ್ತದೆ. ಹರಿವು ಜಾಸ್ತಿಯಾದಾಗ ಕರಗಿಸುವ ಕೆಲಸ ಹಿಂದೆ ಬೀಳುತ್ತದೆ. ಹಾಗಾಗಿ ದಡಕ್ಕನೆ ಏಳಬಾರದು. ಒಂದು ಟವೆಲ್ಲನ್ನು ತೊಡೆ ನಡುವೆ ಹಿಡಿದು, ಮಂಚದ ಅಂಚಿಗೆ ಕೂತು, ಸ್ವಲ್ಪ ಹೊತ್ತು ಬಿಟ್ಟು ನಿಲ್ಲಬೇಕು. ರಕ್ತ ಕಡಿಮೆ ಇರುವವರಿಗೆ ಕಣ್ಣು ಕತ್ತಲೆ ಬರುವುದೂ ಇದರಿಂದ ತಪ್ಪುತ್ತದೆ. ದಿಂಬಿನ ಪಕ್ಕ ಟಾರ್ಚು, ಬದಲಿ ಚಡ್ಡಿ, ಪ್ಯಾಡ್ ಇರಬೇಕು. ನಮ್ಮ ಕಡೆ ಮಳೆಗಾಲದ ರಾತ್ರಿ ಕರೆಂಟು ಇರುತ್ತದೆ ಅಂತ ನಂಬಿ ಮಲಗುವವರು ಯಾರೂ ಇಲ್ಲ.

ಮಳೆಗಾಲದ ಕಷ್ಟವೇ ಬೇರೆ. ಜೂನ್, ಜುಲೈನಲ್ಲಿ ತೊಳೆದದ್ದು ಒಣಗುವುದಿಲ್ಲ. ಬಚ್ಚಲ ಒಲೆಯ ಮೇಲೆ ಕಟ್ಟಿದ ಹಗ್ಗದಲ್ಲಿ ಮಕ್ಕಳ ಯೂನಿಫಾರ್ಮು, ತೋಟಕ್ಕೆ ಹೋಗುವವರ ಬಟ್ಟೆ, ಎಲ್ಲ ನೇತಾಡುತ್ತಿರುವಾಗ ಮುಟ್ಟಿನ ಬಟ್ಟೆಗೆ ಜಾಗ ಎಲ್ಲಿ? ಅದು ಕೊಟ್ಟಿಗೆ ಹಿಂದೆಯೋ ಸೌದೆ ಮಾಡಿನ ಮೂಲೆಯಲ್ಲೋ, ಇನ್ನೊಂದು ಬಟ್ಟೆಯ ಅಡಿಯಲ್ಲಿ ಅಡಗಿ ಒಣಗಬೇಕು. ಒಣಗುವುದಿಲ್ಲ, ಹಸಿಯಾಗಿಯೇ ಇರುತ್ತದೆ. ಅದನ್ನೇ ಹಾಕಿಕೊಂಡು ತೊಡೆಸಂದಿ ಕಿತ್ತುಹೋಗಿ ನಡೆಯಲೂ ಆಗದೆ ಕೂತವರನ್ನು ನೋಡಿದ್ದೇನೆ. ಪ್ಯಾಡ್ ಹಾಳು, ಬಟ್ಟೆಯೇ ಒಳ್ಳೆಯದು ಅನ್ನುವವರು ಒಂದು ಆಷಾಢ ನಮ್ಮ ಮಲೆನಾಡಿನಲ್ಲಿ ಕಳೆಯಬೇಕು.

ದೊಡ್ಡಾಯಿ ಹೇಳಿದ್ದು

ನಾನು ಹೈಸ್ಕೂಲಿನಲ್ಲಿದ್ದಾಗ ಸಿದ್ದಾಪುರದ ಕಡೆ ಒಂದು ಮದುವೆ ಮನೆ. ನೆಂಟರೆಲ್ಲ ಹಿಂದಿನ ದಿನವೇ ಬಂದಿದ್ದರು. ಹೆಂಗಸರು ಮಕ್ಕಳೆಲ್ಲ ಮೆತ್ತಿನ ಮೇಲೆ, ಸಾಲಾಗಿ ಹಾಸಿದ ಜಮಖಾನದ ಮೇಲೆ ಮಲಗಿದ್ದೆವು. ಆ ಜಮಖಾನ ಆ ಮನೆಯದ್ದೂ ಅಲ್ಲ, ಊರಿನ ದೇವಸ್ಥಾನದಿಂದ ತಂದದ್ದು. ಅಂಥ ರಾತ್ರಿಯೇ ನನಗೆ ಆಗಿತ್ತು. ಯಾರಿಗೂ ಹೇಳಿರಲಿಲ್ಲ, ಹೇಳಿದರೆ ಮದುವೆ ಮನೆಯಲ್ಲಿ ಬೇರೆ ಕೂರಬೇಕಾಗುತ್ತಿತ್ತು. ಗೋಡೆ ಕಡೆ ತಿರುಗಿ, ಕಾಲು ಬಿಗಿ ಹಿಡಿದು ಮಲಗಿದ್ದೆ. ಒಂದು ಹೊತ್ತಿನಲ್ಲಿ ಬೆನ್ನ ಕೆಳಗೆ ತಣ್ಣಗೆ ಅನ್ನಿಸಿತು. ಕೈಯಿಟ್ಟರೆ ಲಂಗ ದಾಟಿ ಜಮಖಾನ ಒದ್ದೆ. ಆ ಕ್ಷಣದ ಹೆದರಿಕೆ ಈಗಲೂ ಹೊಟ್ಟೆಯಲ್ಲಿ ಹಾಗೇ ಇದೆ. ಎದ್ದರೆ ಮೆಟ್ಟಿಲು ಕಿರ್ ಅನ್ನುತ್ತದೆ, ಏಳದಿದ್ದರೆ ಇನ್ನೂ ಹರಡುತ್ತದೆ.

ಪಕ್ಕದಲ್ಲಿ ಮಲಗಿದ್ದ ದೊಡ್ಡಾಯಿಗೆ, ಅಂದರೆ ನನ್ನ ದೊಡ್ಡಮ್ಮನಿಗೆ, ಎಚ್ಚರಾಯಿತು. "ಎಂತ ಆತೇ ಕೂಸೆ?" ಅಂತ ಪಿಸುಗುಟ್ಟಿದರು. ನಾನು ಮಾತಾಡಲಿಲ್ಲ. ಅವರಿಗೆ ಗೊತ್ತಾಯಿತು. ದಿಂಬಿನ ಅಡಿಯಿಂದ ಟಾರ್ಚು ತೆಗೆದು, ತಮ್ಮ ಹೊದಿಕೆಯನ್ನು ನನ್ನ ಸೊಂಟಕ್ಕೆ ಸುತ್ತಿ, ನನ್ನ ಕೈ ಹಿಡಿದು ಕೆಳಗೆ ಇಳಿಸಿದರು. ಇನ್ನೊಂದು ಕೈಯಲ್ಲಿ ಆ ಜಮಖಾನವನ್ನೂ ಸುತ್ತಿಕೊಂಡು ಬಂದಿದ್ದರು. ಬಚ್ಚಲಿನಲ್ಲಿ ಮದುವೆ ಮನೆಯ ದೊಡ್ಡ ಹಂಡೆ ಕುದಿಯುತ್ತಿತ್ತು. ನಾನು ತಂಬಿಗೆ ಹಂಡೆಗೆ ಅದ್ದಲು ಹೋದೆ. ಅವರು ತಡೆದರು. "ಬಿಸ್ನೀರು ಹಾಕಡ, ಕಲೆ ಕೂತ್ಗತ್ತು." ತೊಟ್ಟಿಯ ತಣ್ಣೀರು ಸುರಿದು, ಅಂಗೈಯಿಂದ ಒತ್ತಿ ಒತ್ತಿ, ಬಟ್ಟೆ ಸೋಪು ಉಜ್ಜಿ, ಮತ್ತೆ ತಣ್ಣೀರು. ಸ್ವಲ್ಪ ಹೊತ್ತಿನಲ್ಲೇ ಆ ಜಾಗದಲ್ಲಿ ನೀರಿನ ಒದ್ದೆ ಬಿಟ್ಟರೆ ಬೇರೇನೂ ಕಾಣಲಿಲ್ಲ. ಅವರು ಹೇಳಿದ್ದು ಸರಿ, ಬಿಸಿಗೆ ರಕ್ತದ ಪ್ರೋಟೀನು ಗಟ್ಟಿಯಾಗಿ ನೂಲಿಗೆ ಹಿಡಿದುಬಿಡುತ್ತದೆ. ಅವರಿಗೆ ಕಾರಣ ಬೇಕಾಗಿರಲಿಲ್ಲ, ಎಷ್ಟು ವರ್ಷ ತೊಳೆದ ಕೈಯೋ ಅದು. ನಾನು ಅಳುತ್ತಿದ್ದೆ. ಆಗ ಹೇಳಿದರು, "ಯಂಗೂ ಹಿಂಗೇ ಆಗ್ತಿತ್ತು. ನಿನ್ನ ಅಮ್ಮಮ್ಮಂಗೂ ಹಿಂಗೇ ಇತ್ತಡ. ನಮ್ಮನೆ ಹೆಂಗಸ್ರಿಗೆಲ್ಲ ಹಿಂಗೇಯ."

ಆ ರಾತ್ರಿ ಆ ಮಾತು ನನ್ನನ್ನು ಉಳಿಸಿತು. ನಾನೊಬ್ಬಳೇ ಅಲ್ಲ ಅನ್ನುವ ಸಮಾಧಾನಕ್ಕೆ ಬೆಲೆ ಕಟ್ಟಲಾಗುವುದಿಲ್ಲ. ದೊಡ್ಡಾಯಿಯ ಕೈಯ ಆ ಬಿಸುಪಿಗೆ ಇವತ್ತಿಗೂ ನಾನು ಋಣಿ. ಆದರೆ ಅದೇ ಮಾತನ್ನು ಆಸ್ಪತ್ರೆಯಲ್ಲಿ ಕೂತು ಹೇಳಿದರೆ ಅದರ ಅರ್ಥ ಬೇರೆ ಆಗುತ್ತದೆ. ಅಜ್ಜಿಗೂ ಜಾಸ್ತಿ, ದೊಡ್ಡಮ್ಮನಿಗೂ ಜಾಸ್ತಿ, ಮಗಳಿಗೂ ಜಾಸ್ತಿ ಅಂದರೆ ತಿಳಿದ ಡಾಕ್ಟರು ಕಿವಿ ನೆಟ್ಟಗೆ ಮಾಡುತ್ತಾರೆ. ರಕ್ತ ಹೆಪ್ಪುಗಟ್ಟುವುದರಲ್ಲೇ ಕೊರತೆ ಇರುವ ವಾನ್ ವಿಲ್ಲೆಬ್ರಾಂಡ್ ಅನ್ನುವ ತೊಂದರೆ ತಾಯಿತಂದೆಯಿಂದ ಮಕ್ಕಳಿಗೆ ಬರುತ್ತದೆ. ಗರ್ಭಕೋಶದ ಫೈಬ್ರಾಯ್ಡ್ ಗಡ್ಡೆಗಳೂ ಮನೆತನದಲ್ಲಿ ಬರುತ್ತವೆ. ಥೈರಾಯ್ಡ್ ಕೂಡ. ನಮ್ಮಲ್ಲಿ ಸಮಾಧಾನ ಹೇಳಲು ಬಳಸುವ ಮಾತು ನಿಜಕ್ಕೂ ಒಂದು ಸುಳಿವು. ಮೂರು ತಲೆಮಾರು ಅದನ್ನು ಬಚ್ಚಲಿನಲ್ಲಿ ಪಿಸುಗುಟ್ಟಿಕೊಂಡೇ ಕಳೆದವು.

ಬೇರೆ ಚಾಪೆ

ಹಳೆಯ ಪದ್ಧತಿ ಬಗ್ಗೆ ಇಲ್ಲಿ ಜಾಸ್ತಿ ಹೇಳುವುದಿಲ್ಲ, ಎಲ್ಲರಿಗೂ ಗೊತ್ತು. ಹೊರಗೆ ಕೂತವರಿಗೆ ಬೇರೆ ಚಾಪೆ, ಬೇರೆ ಕಂಬಳಿ, ಬೇರೆ ಲೋಟ. ಅದರಿಂದ ಪಾಪ ವಿಶ್ರಾಂತಿಯಾದರೂ ಸಿಗುತ್ತಿತ್ತು ಅನ್ನುವವರಿದ್ದಾರೆ. ನಾನು ನೋಡಿದ ಮನೆಗಳಲ್ಲಿ ಅಡುಗೆ ಮನೆಗೆ ಮಾತ್ರ ರಜೆ. ಅಡಿಕೆ ಸುಗ್ಗಿಯಲ್ಲಿ ಹೊರಗೆ ಕೂತವರೂ ಅಂಗಳದಲ್ಲಿ ಮೆಟ್ಟುಗತ್ತಿ ಇಟ್ಟುಕೊಂಡು ರಾತ್ರಿ ಹನ್ನೊಂದರ ತನಕ ಸುಲಿಯುತ್ತಿದ್ದರು. ಕೂತಲ್ಲೇ ಕೂತು, ಏಳಲು ಹೆದರಿ.

ನನಗೆ ಈಗ ಕಾಣುವುದು ಇನ್ನೊಂದು ವಿಷಯ. ಹಾಗೆ ಮೂಲೆಯಲ್ಲಿ ಮಲಗಿದವಳಿಗೆ ಎಷ್ಟು ಹೋಯಿತು ಅಂತ ಮನೆಯಲ್ಲಿ ಒಬ್ಬರಿಗೂ ಕಾಣುತ್ತಿರಲಿಲ್ಲ. ಬೆಳಗಾಗುವುದರ ಒಳಗೆ ಅವಳೇ ಎದ್ದು, ಹೊಳೆಗೋ ಬಾವಿಕಟ್ಟೆಗೋ ಹೋಗಿ, ಅವಳೇ ತೊಳೆದು ಬರಬೇಕು. ಗಂಡನಿಗೆ ಗೊತ್ತಿಲ್ಲ, ಅತ್ತೆ ದೂರ, ಮಕ್ಕಳು ಹತ್ತಿರ ಬರುವ ಹಾಗಿಲ್ಲ. ಅವಳು ಬಿಳಿಚಿಕೊಂಡು ಸುಸ್ತಾಗಿ ಕೂತರೆ "ಮೈಗಳ್ಳಿ" ಅನ್ನುವ ಮಾತು ಬರುತ್ತಿತ್ತು. ಪದ್ಧತಿ ಈಗ ಬಹಳ ಮನೆಗಳಲ್ಲಿ ಸಡಿಲಾಗಿದೆ. ಆದರೆ ಯಾರಿಗೂ ಕಾಣದ ಹಾಗೆ ತೊಳೆದಿಡುವ ಅಭ್ಯಾಸ ಹೋಗಿಲ್ಲ. ಅಟ್ಯಾಚ್ಡ್ ಬಾತ್‌ರೂಮ್ ಇರುವ ಮನೆಯಲ್ಲೂ ಹೆಂಡತಿ ರಾತ್ರಿ ಮೂರಕ್ಕೆ ಬೆಡ್‌ಶೀಟ್ ತೊಳೆಯುತ್ತಿದ್ದಾಳೆ ಅನ್ನುವುದು ಪಕ್ಕದಲ್ಲಿ ಮಲಗಿದವನಿಗೆ ಗೊತ್ತಿರುವುದಿಲ್ಲ.

ಆ ಪ್ರಶ್ನೆ

ನನಗೆ ನಲವತ್ತು ದಾಟಿದ ಮೇಲೆ ಹರಿವು ಇನ್ನೂ ಜಾಸ್ತಿಯಾಯಿತು. ತೋಟಕ್ಕೆ ಇಳಿಯುವಾಗ ಏನೂ ಇಲ್ಲ, ಹತ್ತಿ ಬರುವಾಗ ಧರೆಯ ಅರ್ಧಕ್ಕೆ ನಿಂತು ಏದುಸಿರು ಬಿಡುತ್ತಿದ್ದೆ. ಇನ್ನೊಂದು ವಿಚಿತ್ರ ಶುರುವಾಗಿತ್ತು. ಅಕ್ಕಿ ಆರಿಸಲು ಕೂತರೆ ಹಸಿ ಅಕ್ಕಿ ಬಾಯಿಗೆ ಹೋಗುತ್ತಿತ್ತು. ಒಂದು ಕಾಳು, ಎರಡು ಕಾಳು ಅಲ್ಲ, ಚಿಟಿಕೆ ಚಿಟಿಕೆಯಾಗಿ, ಮೊರ ಖಾಲಿಯಾಗುವ ತನಕ. ಆ ಕಟುಂ ಅನ್ನುವ ಸದ್ದು ಬೇಕು, ಆ ಹಿಟ್ಟಿನ ರುಚಿ ಬೇಕು. ಮನೆಯಲ್ಲಿ ಯಾರಾದರೂ ಬಂದರೆ ಸುಮ್ನೆ ನುಂಗಿಬಿಡುವುದು.

ಆಗ ಸಿಕ್ಕವರು ಒಬ್ಬ ಲೇಡಿ ಡಾಕ್ಟರು, ವಯಸ್ಸಿನಲ್ಲಿ ನನಗಿಂತ ಚಿಕ್ಕವರು. ಎಷ್ಟು ದಿನ ಅಂತ ಕೇಳಿ ಬರೆದುಕೊಂಡರು. ಆಮೇಲೆ ಪೆನ್ನು ಕೆಳಗಿಟ್ಟು ಕೇಳಿದರು, "ರಾತ್ರಿ ಎಷ್ಟು ಸಲ ಏಳ್ತೀರಿ?" ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಯಾರೂ ಕೇಳದ ಪ್ರಶ್ನೆಗೆ ಉತ್ತರ ಇಟ್ಟುಕೊಂಡಿರುವುದಿಲ್ಲವಲ್ಲ. ಅವರೇ ಮುಂದೆ ಕೇಳುತ್ತಾ ಹೋದರು. ಹಾಸಿಗೆಗೆ ಆಗುತ್ತಾ? ಒಂದು ರೂಪಾಯಿ ನಾಣ್ಯಕ್ಕಿಂತ ದೊಡ್ಡ ಹೆಪ್ಪು ಹೋಗುತ್ತಾ? ಒಂದೇ ಗಂಟೆಗೆ ಪ್ಯಾಡ್ ತುಂಬುವುದು ಉಂಟಾ? ಆ ದಿನಗಳಲ್ಲಿ ಮನೆ ಬಿಟ್ಟು ಹೋಗುವುದನ್ನು ತಪ್ಪಿಸುತ್ತೀರಾ? ಅಕ್ಕಿ, ಮಣ್ಣು, ಐಸು ಏನಾದರೂ ತಿನ್ನಬೇಕು ಅನ್ನಿಸುತ್ತಾ? ಕೊನೆಯದನ್ನು ಕೇಳಿದಾಗ ನನಗೆ ಕಣ್ಣಲ್ಲಿ ನೀರು ಬಂತು. ಅದು ಕಬ್ಬಿಣದ ಕೊರತೆಯ ಲಕ್ಷಣ, ನಿಮ್ಮ ಚಟ ಅಲ್ಲ ಅಂತ ಅವರು ಹೇಳಿದರು.

ಹಿಮೋಗ್ಲೋಬಿನ್ 7.6 ಬಂತು. ಬಸುರಿಯಲ್ಲದ ಹೆಂಗಸಿಗೆ 12ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ ಅಂತ ಲೆಕ್ಕ. ಸ್ಕ್ಯಾನ್ ಮಾಡಿದಾಗ ಗರ್ಭಕೋಶದ ಒಳಪದರಕ್ಕೆ ತಾಗಿಕೊಂಡು ಒಂದು ಫೈಬ್ರಾಯ್ಡ್. ಸಣ್ಣದೇ. ಆದರೆ ಗಡ್ಡೆಯ ಗಾತ್ರಕ್ಕಿಂತ ಅದು ಇರುವ ಜಾಗ ಮುಖ್ಯವಂತೆ. ಹೊರಗೋಡೆಯ ಮೇಲೆ ದೊಡ್ಡದಿದ್ದರೂ ಸುಮ್ಮನಿರಬಹುದು, ಒಳಪದರದ ಹತ್ತಿರ ಚಿಕ್ಕದಿದ್ದರೂ ರಕ್ತ ಸುರಿಸುತ್ತದೆ.

ಅವರು ಹೇಳಿದ ಒಂದು ಲೆಕ್ಕ ನನಗೆ ಎಲ್ಲವನ್ನೂ ಅರ್ಥ ಮಾಡಿಸಿತು. ಸಾಧಾರಣ ಮುಟ್ಟಿನಲ್ಲಿ ಒಟ್ಟು 30, 40 ಎಂಎಲ್ ರಕ್ತ ಹೋಗುತ್ತದೆ. 80 ದಾಟಿದರೆ ಅತಿಸ್ರಾವ ಅಂತ ಹಳೆಯ ಅಳತೆ. ಈಗ ಎಂಎಲ್ ಹಿಡಿದು ಕೂರುವುದಿಲ್ಲ, ಅವಳ ಬದುಕಿಗೆ ಅಡ್ಡಿಯಾಗುತ್ತಿದ್ದರೆ ಅದೇ ಅತಿ ಅನ್ನುತ್ತಾರೆ. 80 ಎಂಎಲ್ ರಕ್ತದ ಜೊತೆ ಸುಮಾರು 40 ಮಿಲಿಗ್ರಾಂ ಕಬ್ಬಿಣ ಹೊರಟುಹೋಗುತ್ತದೆ. ನಮ್ಮ ಮೈ ಊಟದಿಂದ ಹೀರಿಕೊಳ್ಳುವುದು ದಿನಕ್ಕೆ 1ರಿಂದ 2 ಮಿಲಿಗ್ರಾಂ, ಬೇರೆ ಕೆಲಸಕ್ಕೂ ಅದರಲ್ಲೇ ಆಗಬೇಕು. ಅಂದಮೇಲೆ ಪ್ರತಿ ತಿಂಗಳು ಅಷ್ಟೋ ಅದಕ್ಕಿಂತ ಜಾಸ್ತಿಯೋ ಹೋಗುವವಳು ಹರಿವೆ ಸೊಪ್ಪು, ನುಗ್ಗೆ ಸೊಪ್ಪು, ಬೆಲ್ಲ ಎಷ್ಟು ತಿಂದರೂ ತುಂಬುವುದಿಲ್ಲ. ತಿನ್ನಬೇಡಿ ಅಂತಲ್ಲ. ತಿನ್ನಿ, ಊಟದ ಜೊತೆ ನಿಂಬೆಹುಳಿ ಇರಲಿ, ಊಟದ ಹೊತ್ತಿಗೆ ಚಹಾ ಬೇಡ. ಆದರೆ 7ಕ್ಕೆ ಇಳಿದ ರಕ್ತವನ್ನು ಸೊಪ್ಪಿನಿಂದ ಏರಿಸಲು ಆಗುವುದಿಲ್ಲ. 2019ರಿಂದ 21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ 100ಕ್ಕೆ 57 ಮಂದಿಗೆ ರಕ್ತಹೀನತೆ ಇತ್ತು. ಎಲ್ಲ ಕಡೆ "ಸರಿಯಾಗಿ ಊಟ ಮಾಡಿ" ಅನ್ನುತ್ತಾರೆ. ಹೋಗುತ್ತಿರುವುದು ಎಷ್ಟು ಅಂತ ಕೇಳುವವರು ಕಡಿಮೆ.

"ತೆಗೆಸಿಬಿಡಿ" ಅನ್ನುವವರು

ಇದಕ್ಕೂ ಮೊದಲು ಒಂದು ಕಡೆ ತೋರಿಸಿದಾಗ ನಾಲ್ಕು ಮಾತಿನಲ್ಲಿ ಮುಗಿಸಿದ್ದರು. "ಮಕ್ಕಳಾಗಿವೆ ಅಲ್ವಾ? ಗರ್ಭಕೋಶ ತೆಗೆಸಿಬಿಡಿ. ಎಲ್ಲ ತಲೆನೋವೂ ಹೋಗುತ್ತೆ." ಆಪರೇಷನ್ ತಪ್ಪು ಅಂತ ನಾನು ಹೇಳುವುದಿಲ್ಲ. ಅದು ಬೇಕಾಗುವವರಿದ್ದಾರೆ, ಮಾಡಿಸಿಕೊಂಡು ಹಾಯಾಗಿರುವ ನನ್ನ ಅತ್ತಿಗೆಯೇ ಇದ್ದಾರೆ. ಆದರೆ ಅದು ಮೊದಲ ಮಾತಾಗಬಾರದು. ಕಾರಣ ಹುಡುಕದೆ, ನಡುವಿನ ದಾರಿಗಳನ್ನು ಹೇಳದೆ ನೇರ ಅಲ್ಲಿಗೆ ಹೋಗುವುದು ನನಗೆ ಒಪ್ಪಿಗೆಯಿಲ್ಲ. ನಮ್ಮ ದೇಶದಲ್ಲಿ ಚಿಕ್ಕ ವಯಸ್ಸಿನಲ್ಲೇ ಗರ್ಭಕೋಶ ತೆಗೆಸಿಕೊಂಡವರು ಹೇಳುವ ಮುಖ್ಯ ಕಾರಣ ಅತಿ ರಕ್ತಸ್ರಾವವೇ.

ನಡುವಿನ ದಾರಿಗಳು ಎಷ್ಟೋ ಇವೆ. ಟ್ರಾನೆಕ್ಸಾಮಿಕ್ ಆಸಿಡ್ ಅನ್ನುವ ಮಾತ್ರೆ ಹೋಗುವ ದಿನಗಳಲ್ಲಿ ಮಾತ್ರ ತೆಗೆದುಕೊಳ್ಳುವಂಥದ್ದು. ಅದು ಹಾರ್ಮೋನು ಅಲ್ಲ, ಕಟ್ಟಿದ ಹೆಪ್ಪು ಬೇಗ ಕರಗದ ಹಾಗೆ ತಡೆಯುತ್ತದೆ. ಹರಿವು ಅರ್ಧದ ಹತ್ತಿರ ಇಳಿಯಬಹುದು. 1962ರಲ್ಲಿ ಜಪಾನಿನ ಉಟಾಕೊ ಒಕಾಮೊಟೊ ಮತ್ತು ಅವರ ಗಂಡ ಇದನ್ನು ಕಂಡುಹಿಡಿದರು. ಹೆರಿಗೆಯ ನಂತರ ರಕ್ತ ಹೋಗಿ ಸಾಯುವ ತಾಯಂದಿರನ್ನು ಉಳಿಸಬೇಕು ಅಂತ ಹುಡುಕುತ್ತಿದ್ದವರು ಅವರು. ಕಾಲಿನಲ್ಲೋ ಶ್ವಾಸಕೋಶದಲ್ಲೋ ರಕ್ತ ಹೆಪ್ಪುಗಟ್ಟಿದ ಇತಿಹಾಸ ಇರುವವರಿಗೆ ಇದು ಆಗುವುದಿಲ್ಲ, ಹಾಗಾಗಿ ಪಕ್ಕದ ಮನೆಯವರ ಚೀಟಿ ನೋಡಿ ತಂದು ನುಂಗಬಾರದು. ನೋವಿಗೆ ಕೊಡುವ ಮೆಫೆನಾಮಿಕ್ ಆಸಿಡ್ ಕೂಡ ಹರಿವನ್ನು ಸ್ವಲ್ಪ ಇಳಿಸುತ್ತದೆ. ಲಖನೌದ ಸಿಡಿಆರ್‌ಐ ಅನ್ನುವ ಔಷಧ ಸಂಶೋಧನಾ ಸಂಸ್ಥೆಯಲ್ಲಿ ರೂಪಿಸಿದ ಆರ್ಮೆಲಾಕ್ಸಿಫಿನ್ ಅನ್ನುವ ಮಾತ್ರೆ ಇದೆ, ಸರ್ಕಾರ ಛಾಯಾ ಹೆಸರಿನಲ್ಲಿ ಗರ್ಭನಿರೋಧಕವಾಗಿ ಕೊಡುವುದು ಅದನ್ನೇ. ಅತಿಸ್ರಾವಕ್ಕೂ ಡಾಕ್ಟರು ಬರೆಯುತ್ತಾರೆ. ಗರ್ಭಕೋಶದೊಳಗೆ ಇಡುವ ಹಾರ್ಮೋನಿನ ಸಾಧನ ಇದೆ, ಹಲವರಲ್ಲಿ 100ಕ್ಕೆ 90ರ ತನಕ ಹರಿವು ಕಡಿಮೆ ಮಾಡುತ್ತದೆ. ನನಗೆ ಹಾಕಿದ್ದು ಅದನ್ನೇ. ಮೊದಲು ಡ್ರಿಪ್ ಮೂಲಕ ಕಬ್ಬಿಣ ಕೊಟ್ಟರು, ಆಮೇಲೆ ಇದು. ಆರಂಭದ ತಿಂಗಳುಗಳಲ್ಲಿ ಹೊತ್ತುಗೊತ್ತಿಲ್ಲದೆ ಚೂರು ಚೂರು ಹೋಗುತ್ತಿತ್ತು, ಬೇಸರ ಬರುವಷ್ಟು. ಹಾಗಾಗುತ್ತದೆ, ತಡೆದುಕೊಳ್ಳಿ ಅಂತ ಮೊದಲೇ ಹೇಳಿದ್ದರಿಂದ ತಡೆದೆ. ಈಗ ಎರಡನೇ ರಾತ್ರಿ ಯಾವುದು ಅಂತ ಕ್ಯಾಲೆಂಡರ್ ನೋಡದೆ ಗೊತ್ತಾಗುವುದಿಲ್ಲ. ಎಲ್ಲರಿಗೂ ಇದೇ ಆಗಬೇಕು ಅಂತಿಲ್ಲ. 45 ದಾಟಿದವರಲ್ಲಿ ಒಳಪದರದ ಚೂರು ತೆಗೆದು ಪರೀಕ್ಷೆ ಮಾಡಿಸುವುದೂ ಮುಖ್ಯ, ಅದನ್ನು ಹೆದರಿ ಬಿಡಬಾರದು.

2025ರಲ್ಲಿ ನಮ್ಮ ರಾಜ್ಯ ಸರ್ಕಾರ ಕೆಲಸಕ್ಕೆ ಹೋಗುವ ಹೆಂಗಸರಿಗೆ ತಿಂಗಳಿಗೊಂದರಂತೆ ವರ್ಷಕ್ಕೆ 12 ದಿನ ಸಂಬಳ ಸಹಿತ ಮುಟ್ಟಿನ ರಜೆ ಅಂತ ತೀರ್ಮಾನ ಮಾಡಿತು. ಇಡೀ ರಾತ್ರಿ ಎದ್ದು ಕೂತವಳಿಗೆ ಮಾರನೇ ದಿನ ಆ ರಜೆ ಎಂಥ ಆಸರೆ ಅಂತ ನನಗೆ ಗೊತ್ತು, ನಾನು ಸಂತೋಷಪಟ್ಟೆ. ಆದರೆ ಬೆಳಗಿನ ಜಾವ ಬುಟ್ಟಿ ಹೊತ್ತು ಕಾರವಾರದ ಮೀನು ಮಾರ್ಕೆಟ್ಟಿಗೆ ಹೊರಡುವ ಹೆಂಗಸಿಗೆ, ತೋಟದ ಕೂಲಿಗೆ ಬರುವವಳಿಗೆ ಆ ರಜೆ ಕೊಡುವವರು ಯಾರು? ಅವರಿಗೆ ರಕ್ತ ನಿಲ್ಲಿಸುವ ಮಾತ್ರೆ ಹತ್ತಿರದ ಆರೋಗ್ಯ ಕೇಂದ್ರದಲ್ಲಿ ಸಿಗಬೇಕು. ಆಶಾ ಕಾರ್ಯಕರ್ತೆ ಮನೆಗೆ ಬಂದಾಗ ಆ ಒಂದು ಪ್ರಶ್ನೆಯನ್ನೂ ಕೇಳಬೇಕು.

ಹಾಸ್ಟೆಲ್ಲಿನಿಂದ ಬಂದ ಫೋನು

ಮೊನ್ನೆ ಅಣ್ಣನ ಮಗಳು ಧಾರವಾಡದ ಹಾಸ್ಟೆಲ್ಲಿನಿಂದ ಫೋನ್ ಮಾಡಿದ್ದಳು. "ಅತ್ತೆ, ರಾತ್ರಿಗೆ ಯಾವ ಪ್ಯಾಡ್ ಒಳ್ಳೇದು?" ಹೇಳಿದೆ. ಚಡ್ಡಿ ಥರದ್ದು ತಗೋ, ರಬ್ಬರ್ ಶೀಟ್ ಕಳಿಸುತ್ತೇನೆ, ಕಲೆಗೆ ತಣ್ಣೀರು ಹಾಕು ಅಂತೆಲ್ಲ. ಆಮೇಲೆ ನಾನು ಕೇಳಿದೆ, ರಾತ್ರಿ ಎಷ್ಟು ಸಲ ಏಳ್ತೀಯ? ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದಳು. ಮೊದಲ ಸಲ ಆದಾಗಿನಿಂದ ಹೀಗೇ ಇದೆಯಂತೆ. ಹಲ್ಲುಜ್ಜುವಾಗ ವಸಡಿನಲ್ಲಿ ರಕ್ತ ಬರುತ್ತಾ, ಮೂಗಿನಲ್ಲಿ ಬರುತ್ತಾ, ಸುಮ್ನೆ ತಾಗಿದರೂ ಮೈ ನೀಲಿಗಟ್ಟುತ್ತಾ ಅಂತ ಕೇಳಿದೆ. ಮೂಗಿನಲ್ಲಿ ಆಗಾಗ ಬರುತ್ತದಂತೆ. ಶುರುವಿನಿಂದಲೇ ಜಾಸ್ತಿ ಹೋಗುವ ಹುಡುಗಿಯರಲ್ಲಿ ರಕ್ತ ಹೆಪ್ಪುಗಟ್ಟುವ ತೊಂದರೆ ಇದೆಯಾ ಅಂತ ನೋಡಲೇಬೇಕು. ಅವಳಮ್ಮನಿಗೆ ಹೇಳಿದ್ದೇನೆ, ಬರುವ ವಾರ ಹುಬ್ಬಳ್ಳಿಯಲ್ಲಿ ತೋರಿಸುತ್ತಾರೆ. ಹಿಮೋಗ್ಲೋಬಿನ್ ಜೊತೆ ಫೆರಿಟಿನ್ ಕೂಡ ಕೇಳಿ ಮಾಡಿಸಲು ಹೇಳಿದೆ. ಅದು ಮೈಯಲ್ಲಿ ಕೂಡಿಟ್ಟ ಕಬ್ಬಿಣದ ಅಳತೆ, ಹಿಮೋಗ್ಲೋಬಿನ್ ಇಳಿಯುವುದಕ್ಕೆ ಎಷ್ಟೋ ಮೊದಲೇ ಖಾಲಿಯಾಗುತ್ತದೆ. ಕಳೆದ ಎರಡು ತಿಂಗಳ ಲೆಕ್ಕ ನೆನಪಿದ್ದಷ್ಟು ಬರೆದುಕೊಂಡು ಹೋಗಲಿ ಅಂದೆ. ಯಾವ ರಾತ್ರಿ, ಎಷ್ಟು ಸಲ ಎದ್ದಳು, ಪ್ಯಾಡ್ ಪೂರ್ತಿ ನೆನೆದಿತ್ತಾ ಅರ್ಧವಾ, ಹೆಪ್ಪು ಇತ್ತಾ, ಬಟ್ಟೆಗೆ ಆಯಿತಾ. ಬಾಯಲ್ಲಿ "ಜಾಸ್ತಿ" ಅಂದರೆ ಕೇಳಿಸಿಕೊಳ್ಳದವರೂ ಕಾಗದ ಕಂಡರೆ ನೋಡುತ್ತಾರೆ.

ಇನ್ನೊಂದನ್ನೂ ಅವಳಿಗೆ ಹೇಳಿದೆ, ಇಲ್ಲೂ ಹೇಳುತ್ತೇನೆ. ಗಂಟೆಗೊಂದು ಪ್ಯಾಡ್ ತುಂಬುವುದು ಎರಡು ಗಂಟೆ ದಾಟಿಯೂ ನಿಲ್ಲದಿದ್ದರೆ, ತಲೆ ತಿರುಗಿ ಬೀಳುವ ಹಾಗಾದರೆ, ಎದೆ ಡವಡವ ಅಂದರೆ, ಬಸುರಿ ಇರಬಹುದು ಅನ್ನುವ ಸಂಶಯ ಇದ್ದರೆ ಬೆಳಗಾಗಲಿ ಅಂತ ಕಾಯಬಾರದು. ನಮ್ಮ ಕಡೆ ಇದು ಹೇಳುವಷ್ಟು ಸುಲಭ ಅಲ್ಲ ಅಂತ ಗೊತ್ತು. ಮಳೆಗಾಲದಲ್ಲಿ ಘಟ್ಟದ ರಸ್ತೆಗೆ ಮರ ಬಿದ್ದಿರುತ್ತದೆ, ಧರೆ ಕುಸಿದಿರುತ್ತದೆ, ಫೋನಿಗೆ ನೆಟ್‌ವರ್ಕ್ ಇರುವುದಿಲ್ಲ. ಅದಕ್ಕೇ ಲಕ್ಷಣ ಕಂಡ ಕೂಡಲೇ, ಫೋನ್ ಸಿಕ್ಕರೆ 108ಕ್ಕೆ ಹೇಳಿ, ಸಿಗದಿದ್ದರೆ ಕಾಯದೆ ಹೊರಡಬೇಕು. ನಾನಂತೂ ನನ್ನ ಬ್ಲಡ್ ಗ್ರೂಪ್, ಹಳೆಯ ಸ್ಕ್ಯಾನ್ ರಿಪೋರ್ಟು, ತೆಗೆದುಕೊಳ್ಳುವ ಮಾತ್ರೆಗಳ ಚೀಟಿ ಎಲ್ಲ ಒಂದೇ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಬಾಗಿಲ ಪಕ್ಕದ ಗೂಡಿನಲ್ಲಿ ಇಟ್ಟಿದ್ದೇನೆ. ಅದು ಎಲ್ಲಿದೆ, ಯಾಕಿದೆ ಅಂತ ನಮ್ಮನೆಯವರಿಗೂ ಮಗನಿಗೂ ಕೂರಿಸಿಕೊಂಡು ಹೇಳಿದ್ದೇನೆ.